ಹೊಡೆದುಹಾಕಿದ ಒಂದು ಸಾಲು

ಕಲ್ಲು ಇರಲಿಲ್ಲ. ಅದು ನಿಂತಿದ್ದಲ್ಲಿ ಮೊಣಕಾಲುದ್ದದ ಒಂದು ಕುಣಿ ಇತ್ತು, ಅಷ್ಟೇ.

೧೯೩೭ನೆಯ ಇಸವಿ, ಅಕ್ಟೋಬರ್ ತಿಂಗಳು. ಶಬೇಬರಾತ್ ಹಬ್ಬಕ್ಕೆ ನಾಲ್ಕೇ ದಿನ ಉಳಿದಿದ್ದವು. ಹಿರಿಯರ ಗೋರಿಗಳಿಗೆ ಸುಣ್ಣ ಬಳಿಯಲೆಂದು ಬಂಕಾಪುರದ ಹಳೆಯ ಖಬರಸ್ತಾನಕ್ಕೆ ಬಕೀಟು ಹಿಡಿದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಅರವತ್ತು ವರ್ಷದಿಂದ ಬಾಗಿಲ ಬಲಕ್ಕೆ ನಿಂತಿದ್ದ ಕಲ್ಲು, ಮೂರು ಮೊಳದ ಸಪಾಟು ಕರಿಕಲ್ಲು, ಮಾಯವಾಗಿತ್ತು.

ಅದು ಯಾರ ಗೋರಿಯ ಕಲ್ಲೂ ಅಲ್ಲ, ದಾನದ ಕಲ್ಲು. ಮಾಸೂಮಾಬಿ ಎಂಬ ಹೆಂಗಸು ಸಡಕಿನ ಬದಿಯ ತನ್ನ ಎಂಟು ಎಕರೆ ಹೊಲವನ್ನು ಖಬರಸ್ತಾನಕ್ಕೆ ವಕ್ಫ್ ಮಾಡಿದ್ದಳು. ಅಂದರೆ ದೇವರ ಹೆಸರಿನಲ್ಲಿ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದಳು. ಅದರ ಪೀಕು ಯಾವುದಕ್ಕೆ ಖರ್ಚಾಗಬೇಕೆಂದು ಆ ಕಲ್ಲಿನ ಮೇಲೆ ಕೊರೆಸಿದ್ದಳು. ಆದರೆ ವರ್ಷ ವರ್ಷ ಬಳಿದ ಸುಣ್ಣ ಅಕ್ಷರಗಳನ್ನು ತುಂಬಿಬಿಟ್ಟಿತ್ತು. ಅದರಲ್ಲಿ ಏನಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಓದಿದವರು ಊರಲ್ಲಿ ಉಳಿದಿರಲಿಲ್ಲ.

ನಾನು, ಶೇಖಸಾಬ, ಶಿಗ್ಗಾಂವಿ ಕಚೇರಿಯ ಮುಂದೆ ಹುಣಸೇಮರದ ಕೆಳಗೆ ಕೂತು ಅರ್ಜಿ ಬರೆಯುವವನು. ಹಗಲು ಅರಳೆ ಹಿಂಜುವ ಕೆಲಸ ಮಾಡಿ ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವನಾದ್ದರಿಂದ, ಬರೆದದ್ದನ್ನು ಎರಡೆರಡು ಸಲ ಓದದೆ ಯಾರ ಕೈಗೂ ಕೊಡುವುದಿಲ್ಲ. ಮರುದಿನ ನನ್ನ ಮುಂದೆ ಬಂದು ಕೂತವರು ಅಕ್ಬರಸಾಬ. ಮಾಸೂಮಾಬಿಯ ಮೊಮ್ಮಗ, ಖಬರಸ್ತಾನದ ಮುತವಲ್ಲಿ, ಅಂದರೆ ದಾನದ ಆಸ್ತಿಯ ಉಸ್ತುವಾರಿ ಅವರದು.

“ಬರಿ ಶೇಖಸಾಬ. ಹಾಜರಾಬಿ ಕಲ್ಲು ಮಾರ್ಕೊಂಡಾಳ.”

“ಕಣ್ಣಾರೆ ನೋಡಿದ್ರೇನ್ರಿ?”

“ನೋಡೂದೇನೈತಿ? ಬಾಗಲದಾಗ ಗುಡಸಲಾ ಹಾಕ್ಕೊಂಡು ಕುಂತಾಕಿ ಆಕಿ. ಅತ್ತಾಗ ಗುತ್ತಿಗಿದಾರ ಪರಮೇಶಪ್ಪ ಸಡಕಿನ ಮೋರಿ ಕಟ್ಟಾಕತ್ತಾನ, ಕಲ್ಲಂದ್ರ ಬಾಯಿ ಬಿಡ್ತಾನ. ಇನ್ನೇನು ಬೇಕು?”

ಹಾಜರಾಬಿ ಗೋರಿ ತೋಡುತ್ತಿದ್ದ ಮೌಲಾಸಾಬನ ವಿಧವೆ. ಗಂಡ ಸತ್ತ ಮೇಲೆ ಖಬರಸ್ತಾನ ಗುಡಿಸಿಕೊಂಡು, ಹೊಲದ ಪೀಕಿನಲ್ಲಿ ಮುತವಲ್ಲಿ ಕೊಡುವ ನಾಲ್ಕು ಚೀಲ ಜೋಳದಲ್ಲಿ ಬದುಕಿದ್ದಳು. ನಾನು ಬರೆದೆ. ಎಂಟು ದಿನದಲ್ಲಿ ಅವಳ ಗುಡಿಸಲು ತೆಗೆಸಬೇಕೆಂದೂ ಬರೆದೆ. ಕೊನೆಗೆ, ಅವರು ಹೇಳದಿದ್ದರೂ, ಬೇರೆ ಅರ್ಜಿಗಳಲ್ಲಿ ನೋಡಿದ ಒಂದು ಮಾತು ಸೇರಿಸಿದೆ: “ಸದರೀ ಹೆಂಗಸು ನಂಬಿಕೆಗೆ ಅರ್ಹಳಲ್ಲ.” ಓದಲು ಚೆನ್ನಾಗಿತ್ತು.

ಮಾಮಲೇದಾರರು ಗುಡಿಸಲು ತೆಗೆಸುವ ಹುಕುಮು ಅಂದೇ ಕೊಟ್ಟರು. ಕಲ್ಲಿನ ವಿಚಾರಣೆಯನ್ನು ಮಾತ್ರ ಹಂಸಭಾವಿಯ ಉಳವಪ್ಪನವರಿಗೆ ಒಪ್ಪಿಸಿದರು. ಉಳವಪ್ಪನವರು ಮೂವತ್ತು ವರ್ಷ ಹೊಲ ಅಳೆಯುವ ಮೋಜಣಿ ಕೆಲಸ ಮಾಡಿ ನಿವೃತ್ತರಾದವರು. ಕಿಸೆಯಲ್ಲಿ ಯಾವಾಗಲೂ ಗಂಟುಗಂಟಿನ ಒಂದು ದಾರ. ಮೊದಲು ಅಳೆಯುವುದು, ಆಮೇಲೆ ಕೇಳುವುದು ಅವರ ಪದ್ಧತಿ. ಸಾಕ್ಷಿಗಳ ಜವಾಬು ಬರೆದುಕೊಳ್ಳಲು ನನ್ನನ್ನು ಕರೆದರು.

“ಮುಸಲ್ಮಾನರ ರೀತಿ-ರಿವಾಜು ನನಗ ಗೊತ್ತಿಲ್ಲ. ನೀವು ಬಾಜೂಕ ಇರ್ರಿ,” ಎಂದರು. ನಡೆಯುತ್ತ ನಡೆಯುತ್ತ, ನನ್ನ ಮುಖ ನೋಡದೆ, “ಅರ್ಜೀ ಅಕ್ಷರ ದುಂಡಗ ಅದಾವು. ನಿಮ್ಮವ ಅಲ್ಲೇನು?” ಎಂದರು.

ನಾನು ಹೌದೆಂದೆ.

ಕುಣಿಯ ಹತ್ತಿರ ಅವರು ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತರು. ಕೆಮ್ಮಣ್ಣಿನ ಗೋಡೆಯಲ್ಲಿ ಕಲ್ಲಿನ ಅಂಚು ಒತ್ತಿದ ಗುರುತು ಹಸಿಯಾಗಿಯೇ ಇತ್ತು. ಅದರ ಅಗಲಕ್ಕೆ ದಾರದಲ್ಲಿ ಒಂದು ಗಂಟು ಹಾಕಿದರು, ದಪ್ಪಕ್ಕೆ ಇನ್ನೊಂದು.

“ಇಲ್ಲಿ ಒಡದ ಕಲ್ಲಿನ ಚಕ್ಕಿ ಒಂದರ ಬಿದ್ದೈತೇನು ನೋಡ್ರಿ.”

ನೋಡಿದೆ. ಇರಲಿಲ್ಲ.

“ಹಾರಿ ಹಾಕಿ ಮೀಟಿದ ಗುರುತು?”

ಅದೂ ಇರಲಿಲ್ಲ. ಸುತ್ತ ಮಣ್ಣು ಬಿಡಿಸಿ, ಕೂಸನ್ನು ಎತ್ತಿದ ಹಾಗೆ ಎತ್ತಿದ್ದರು.

ಒಳಗೆ ಗೋರಿಗಳೆಲ್ಲ ಹೊಸ ಸುಣ್ಣದಲ್ಲಿ ಬೆಳ್ಳಗಿದ್ದವು. ಎಲ್ಲಕ್ಕಿಂತ ಬೆಳ್ಳಗಿದ್ದದ್ದು ಅಕ್ಬರಸಾಬರ ತಂದೆ ಹುಸೇನಸಾಬರದು. ಅದೇ ವಾರ ಹಾನಗಲ್ಲಿನಿಂದ ಉಪ್ಪಾರ ಯಲ್ಲಪ್ಪನನ್ನು ಕರೆಸಿ ಬರೀ ಮಣ್ಣಿನದಾಗಿದ್ದ ಗೋರಿಯನ್ನು ಪೂರಾ ರಿಪೇರಿ ಮಾಡಿಸಿದ್ದರು. ತಂದೆಯ ಮೇಲೆ ಅಷ್ಟು ಅಕ್ಕರೆ ಇಟ್ಟ ಮಗ ಊರಲ್ಲಿ ಇನ್ನೊಬ್ಬನಿಲ್ಲ ಎಂದು ನಾನೇ ಉಳವಪ್ಪನವರಿಗೆ ಹೇಳಿದೆ.

ಹಾಜರಾಬಿ ಗುಡಿಸಲ ಮುಂದೆ ಕೂತಿದ್ದಳು.

“ಕಲ್ಲು ಕಡೀಕ ಯಾವಾಗ ನೋಡಿದಿ, ತಾಯಿ?”

“ಐತವಾರ ಸಂಜಿಮುಂದ ಇತ್ರಿ. ಆವತ್ತು ನಾ ಗಾಡ್ಯಾಗ ಸವಣೂರಿಗೆ ಹೋದೆ. ತಂಗಿ ಮಗಳು ಹಡದಿದ್ಲು. ಮರುದಿನ ಹೊಳ್ಳಿ ಬರೂದ್ರಾಗ ಇದು.”

“ನೀ ಮಾರಿದಿ ಅಂತಾರ.”

“ಮಾರಾಕ ಮೊದಲು ಎತ್ತಬೇಕಲ್ರಿ? ಈ ರಟ್ಟಿ ನೋಡ್ರಿ. ಒಂದು ಕೊಡ ನೀರು ತರಬೇಕಾದ್ರ ಎರಡು ಸಲ ಕುಂಡ್ರತೇನಿ.”

“ಗುಡಸಲಾ ತಗೀ ಅಂದ್ರ ಎಲ್ಲಿ ಹೋಗ್ತಿ?”

ಅವಳು ಬೇವಿನ ಗಿಡದ ಕಡೆ ಕೈ ಮಾಡಿದಳು. “ಅದರ ಬುಡಕ ನನ್ನ ಗಂಡ ಮಲಗ್ಯಾನ. ಬಾಜೂಕ ನನಗ ಜಾಗಾ ಹಿಡದಿಟ್ಟೇನಿ. ಅವನ ಕೈಲೆ ಮಂದಿಗೆಲ್ಲಾ ತೋಡಿಸಿದೆ, ನನಗೊಂದು ಬ್ಯಾಡೇನು? ಇಲ್ಲಿಂದ ಎಬ್ಬಿಸಿದ್ರ ಸವಣೂರಾಗ ಸಾಯ್ತೇನಿ. ಅಲ್ಲಿಂದ ಯಾರು ತರ್ತಾರ್ರಿ ನನ್ನ?” ಆಮೇಲೆ ದನಿ ಒಮ್ಮೆಲೇ ಏರಿತು. “ಅಕ್ಬರಸಾಬ ನನ್ನ ಕಳ್ಳಿ ಅಂತಾನ? ಹಡದಪ್ಪಗ ತಖ್ತಿ ಹಾಕಿದಂವ! ಬರಿ ಶೇಖು, ಇದನ್ನೂ ಬರಿ!”

ಬರೆದೆ. ಮತ್ತೆ ಓದಿದಾಗ ಸರಿ ಕಾಣಲಿಲ್ಲ. ಸರಕಾರಿ ಕಾಗದದಲ್ಲಿ ಮುದುಕಿಯ ಬೈಗುಳ ಯಾಕೆ? ಆ ಸಾಲಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು ಹೊಡೆದುಹಾಕಿದೆ. ಅವಳು ಹೆಬ್ಬೆಟ್ಟು ಒತ್ತಿದಳು.

“ಎಲ್ಲಾ ಬರದೀಯಲ್ಲ, ಬೇಟಾ?”

“ಬರದೇನಿ, ಖಾಲಾ.”

ಗುತ್ತಿಗೆದಾರ ಪರಮೇಶಪ್ಪ ಮೋರಿಯ ಕಟ್ಟಡದ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. ನಮ್ಮನ್ನು ನೋಡಿ ನಕ್ಕ.

“ಮೂರು ಮೊಳದ ಇಡೀ ಕಲ್ಲು ನನಗ್ಯಾಕ್ರಿ? ನನಗ ಬೇಕಾದದ್ದು ತಲಿಯಷ್ಟು ತಲಿಯಷ್ಟು ಕಲ್ಲು. ಅಲ್ಲೇ ಸುತ್ತಿಗೀಲೆ ಒಡದು ಗಾಡಿಗೆ ತುಂಬಸ್ತಿದ್ದೆ. ಅಲ್ಲದ ಖಬರಸ್ತಾನದ ಕಲ್ಲು ಹಾಕಿದ್ರ ನನ್ನ ಮೋರಿಯೊಳಗ ನೀರು ಹರೀತಾವೋ ದೆವ್ವ ಹರೀತಾವೋ?”

ಉಳವಪ್ಪನವರೂ ನಕ್ಕರು. ಆದರೆ ಅವನ ಕಲ್ಲಿನ ರಾಶಿಯನ್ನು ಸುತ್ತಿ ನೋಡದೆ ಬಿಡಲಿಲ್ಲ.

ಮೂರನೆಯವರು ಅರಳೆ ವ್ಯಾಪಾರಿ ಕರಿಬಸಪ್ಪ. ಮಾಸೂಮಾಬಿಯ ಹೊಲದಲ್ಲಿ ಹತ್ತಿ ಗಿರಣಿ ಹಾಕಬೇಕೆಂಬುದು ಅವರ ಆಸೆ. ಅದು ಊರಿಗೆಲ್ಲ ಗೊತ್ತು.

“ಮುಚ್ಚಿಡೂದೇನೈತ್ರಿ? ಹೊಲ ತಗೋತೇನಿ ಅಂತ ಅಕ್ಬರಸಾಬರ ಕೂಡ ಮಾತಾಗೇತಿ. ಆದ್ರ ವಕೀಲರು ಏನಂದ್ರು? ವಕ್ಫ್ ಇದ್ರ ಮುಟ್ಟಬ್ಯಾಡ ಅಂದ್ರು. ವಕ್ಫ್ ಅಲ್ಲ ಅಂತ ಕೋರ್ಟಿನ್ಯಾಗ ಆದ್ರ ತಗೋತೇನಿ, ಇಲ್ಲಾಂದ್ರ ಇಲ್ಲ.”

“ಹಂಗಾರ ಕಲ್ಲು ಹೋದದ್ದು ನಿಮಗ ಚಲೋನ ಆತು.”

“ಚಲೋ ಆತು ಅಂದ್ರ ನಾ ಕದ್ದಂಗ ಆತೇನು?” ಕರಿಬಸಪ್ಪನಿಗೆ ಸಿಟ್ಟು ಬಂತು. “ನಾ ಕದ್ದಿದ್ರ ಹಾಳಬಾವ್ಯಾಗ ಒಗೀತಿದ್ದೆ. ಹೋಗಿ ಹುಡಕ್ರಿ!”

ಹುಡುಕಿಸಿದೆವು. ಬಾವಿಯಲ್ಲಿ ಹೂಳು ಮತ್ತು ಒಂದು ಒಡಕು ಕೊಡ.

ಹಿಂದಿರುಗುವಾಗ ಉಳವಪ್ಪನವರು ಕೇಳಿದರು: “ಈ ವಕ್ಫಿನ ಕಾನೂನು ಏನೈತಿ ಶೇಖಸಾಬ್ರ? ಬಿಡಿಸಿ ಹೇಳ್ರಿ.”

ಅದು ನನಗೆ ಬಾಯಿಪಾಠ. “೧೯೨೩ರ ಕಾನೂನ್ರಿ. ಮುಂಬಯಿ ಸರಕಾರ ೩೫ರಾಗ ಅದನ್ನ ಇನ್ನಷ್ಟು ಬಿಗಿ ಮಾಡೇತಿ. ಮುತವಲ್ಲಿ ಆದಂವ ಧಾರವಾಡ ಜಿಲ್ಲಾ ಕೋರ್ಟಿಗೆ ತಖ್ತೆ, ಅಂದ್ರ ಲೆಕ್ಕದ ಪಟ್ಟಿ, ಸಲ್ಲಿಸಬೇಕು. ಆಸ್ತಿ ಎಷ್ಟು, ಉತ್ಪನ್ನ ಎಷ್ಟು, ಯಾತಕ್ಕ ಖರ್ಚು. ದಾನಪತ್ರದ ನಕಲು ಹಚ್ಚಬೇಕು.”

“ದಾನಪತ್ರ?”

“ಗೆದ್ದಲ ತಿಂದಾವಂತ.”

“ಹಂಗಾರ ಉಳದ ಸಾಕ್ಷಿ?”

“ಕಲ್ಲು ಒಂದ.”

“ಕಲ್ಲಿದ್ರ ಹೊಲ ಖಬರಸ್ತಾನದ್ದು. ಕಲ್ಲಿಲ್ಲಂದ್ರ ಅಜ್ಜಿ ಆಸ್ತಿ, ಮೊಮ್ಮಗಂದು.” ಅವರು ನಿಂತರು. “ಅಕ್ಬರಸಾಬ್ರಿಗೆ ಕೋರ್ಟಿಂದ ನೋಟೀಸು ಬಂದೈತೇನು?”

“ಹೋದ ತಿಂಗಳ ಬಂದೈತ್ರಿ. ನಾನ ಓದಿ ಹೇಳೇನಿ.” ಹೇಳಿದ ಮೇಲೆ ಅದರ ಅರ್ಥ ಹೊಳೆಯಿತು. ಆದರೆ ತಕ್ಷಣ ಅಂದೆ, “ಆದ್ರ ಕಲ್ಲು ಅವರ ಕದ್ದಿದ್ರ ಇಟ್ಟದ್ದೆಲ್ಲಿ? ಮನಿ, ಹಿತ್ತಲ, ಹೊಲ ಎಲ್ಲಾ ಪೊಲೀಸ ಪಾಟೀಲ ನೋಡ್ಯಾನ.”

ಉಳವಪ್ಪನವರು ಚಾವಡಿಯಲ್ಲಿ ಕೂತು ನಾನು ಬರೆದ ಜವಾಬುಗಳನ್ನು ಓದತೊಡಗಿದರು. ಹಾಜರಾಬಿಯ ಹಾಳೆಯಲ್ಲಿ ಬೆರಳು ನಿಂತಿತು.

“ಇದನ್ಯಾಕ ಹೊಡದೀರಿ?”

“ಬೈಗಳ್ರಿ. ಕೆಲಸದ ಮಾತಲ್ಲ.”

“ಬೈಗಳಾದ್ರೂ ಸಾಕ್ಷೀ ಮಾತು. ಕೆಲಸದ್ದೋ ಅಲ್ಲೋ ನೀವ್ಯಾಕ ತೀರ್ಮಾನ ಮಾಡಿದ್ರಿ?” ಗೆರೆಯ ಕೆಳಗಿನ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದರು. “ಹಡದಪ್ಪಗ ತಖ್ತಿ ಹಾಕಿದಂವ. ತಖ್ತಿ ಅಂದ್ರೇನು?”

“ಪಾಟಿ ಇದ್ದಂಗ ಸಪಾಟು ಕಲ್ಲ್ರಿ. ಹೆಣಮಕ್ಕಳ ಗೋರಿ ಮ್ಯಾಲ ಹಾಕ್ತಾರ.”

“ಗಂಡಸರ ಗೋರಿ ಮ್ಯಾಲ?”

“ಗಂಡಸರಿಗೆ ಕಲಮು. ಉದ್ದಕ ಬೆನ್ನು ಎದ್ದ ಕಲ್ಲು. ನಮ್ಮ ಖಬರಸ್ತಾನದಾಗ ಅದು ಹಿಂದಿಂದ ಬಂದ ರಿವಾಜು, ಸಣ್ಣ ಹುಡುಗರಿಗೂ ಗೊತ್ತು…”

ಹುಸೇನಸಾಬರ ಗೋರಿ ಕಣ್ಣ ಮುಂದೆ ಬಂತು. ಬೆಳ್ಳಗೆ. ಸಪಾಟಾಗಿ. ನಾನು ಅದರ ಮುಂದೆ ಕೈಯೆತ್ತಿ ಫಾತೇಹ ಓದಿದ್ದೆ. ಊರೆಲ್ಲ ಓದಿತ್ತು. ಹೊರಗಿನ ಕೆಲಸಗಾರ ಮಾಡಿದ ತಪ್ಪು ಎಂದೋ, ಮಗ ಕಲಮಿನ ಖರ್ಚು ಉಳಿಸಿದ ಎಂದೋ ಮನಸ್ಸಿನಲ್ಲೇ ಅಂದುಕೊಂಡು, ದೊಡ್ಡವರ ಮನೆಯ ಮಾತೆಂದು ಸುಮ್ಮನಾಗಿದ್ದೆವು.

“ಈ ಹಾಳಿ ಮ್ಯಾಲೆ ಗೆರಿ ಎಳೀದಿದ್ರ,” ಎಂದರು ಉಳವಪ್ಪನವರು, “ನಮಗ ಎರಡು ದಿನ ಉಳೀತಿದ್ದು. ಆ ಮುದುಕಿಗೆ ಎಂಟ ದಿನ ಅದಾವು.”

ಹಬ್ಬದ ದಿನ ನಾನು ಹುಸೇನಸಾಬರ ಗೋರಿಯ ಮೇಲೆ ಹೂವು ಹಾಕಿದೆ. ಉಳವಪ್ಪನವರು ಬಾಜೂಕೆ ಬಗ್ಗಿ ಆ ಕಲ್ಲಿನ ಅಂಚಿಗೆ ದಾರ ಹಿಡಿದು, ಮತ್ತೆ ಕಿಸೆಗೆ ಹಾಕಿಕೊಂಡರು. ಮರುದಿನ ಒಬ್ಬರೇ ಹಾನಗಲ್ಲಿಗೆ ಹೋಗಿ ಬಂದರು. ಅದರ ಮರುದಿನ ಹಿಂಗಾರಿನ ಮಳೆ ಹೊಡೆಯಿತು.

ಎಂಟನೆಯ ದಿನ ಅಕ್ಬರಸಾಬರು ಇಬ್ಬರು ಆಳುಗಳನ್ನು ಕರೆದುಕೊಂಡು ಬಂದರು. ನಾವು ತಲುಪುವಷ್ಟರಲ್ಲಿ ಗುಡಿಸಲ ಅರ್ಧ ಹೊದಿಕೆ ಕೆಳಗಿತ್ತು. ಹಾಜರಾಬಿ ತನ್ನ ಎರಡು ಗಡಿಗೆ, ಒಂದು ಚಾಪೆಯ ಜೊತೆ ಬೇವಿನ ಬುಡದಲ್ಲಿ ಕೂತಿದ್ದಳು.

“ನಿಲ್ಲಸ್ರಿ,” ಎಂದರು ಉಳವಪ್ಪನವರು. “ಅಕ್ಬರಸಾಬ್ರ, ಕಲ್ಲು ಸಿಕ್ಕೈತಿ.”

“ಎಲ್ಲಿ?”

“ಹೇಳ್ತೇನಿ. ಮೊದಲು ಒಂದು ಮಾತು. ಐತವಾರ ಈ ಮುದುಕೀನ ಸವಣೂರಿಗೆ ಕಳಿಸಿದ ಗಾಡಿ ಯಾರದು?”

“ನಂದು. ಬಡವಿ ಅಂತ ಕಳಿಸಿದೆ. ಅದೂ ತಪ್ಪೇನು?”

“ತಪ್ಪಲ್ಲ. ಹಿಂದ ಎಂದಾದ್ರೂ ಕಳಿಸಿದ್ರೇನು?”

ಅಕ್ಬರಸಾಬರು ಆಳುಗಳ ಕಡೆ ತಿರುಗಿದರು. ಸುತ್ತ ಜನ ಸೇರತೊಡಗಿದ್ದರು.

“ಕುಣಿಯೊಳಗ ಒಂದು ಚಕ್ಕಿ ಇರಲಿಲ್ಲ,” ಎಂದರು ಉಳವಪ್ಪನವರು. “ಪರಮೇಶಪ್ಪ ಒಯ್ದಿದ್ರ ಅಲ್ಲೇ ಒಡೀತಿದ್ದ. ಕರಿಬಸಪ್ಪ ಒಯ್ದಿದ್ರ ಬಾವಿಗೆ ಒಗೀತಿದ್ದ. ಈ ಮುದುಕಿ ಕೈಲೆ ಅಲುಗಾಡಸಾಕೂ ಆಗೂದಿಲ್ಲ. ಕದ್ದಂವಗ ಕಲ್ಲು ಇಲ್ಲದಂಗ ಆಗಬೇಕು, ಆದ್ರ ಒಡೀಲಿಲ್ಲ. ಯಾಕ? ಅವಂಗ ಒಡಿಯೂ ಧೈರ್ಯ ಇರಲಿಲ್ಲ. ಆ ಕಲ್ಲಿನ ಮ್ಯಾಲೆ ಯಾರ ಹೆಸರೈತಿ ಅಂತ ಗೊತ್ತಿದ್ದಾಂವಗ ಮಾತ್ರ ಆ ಅಂಜಿಕಿ. ಮತ್ತ ಇಡೀ ಕಲ್ಲು ಎಲ್ಲಿ ಇಡಬೇಕು? ಯಾರೂ ಎತ್ತಿ ನೋಡದ ಜಾಗಾದಾಗ.”

ಅವರು ಹುಸೇನಸಾಬರ ಗೋರಿಯ ಹತ್ತಿರ ಹೋಗಿ ಚಪ್ಪಲಿ ಬಿಟ್ಟು ನಿಂತರು.

“ಇದು ಗಂಡಸಿನ ಗೋರಿ. ಮ್ಯಾಲೆ ಹಾಸಿದ್ದು ಹೆಣಮಕ್ಕಳ ತಖ್ತಿ. ಈ ಮಾತು ಮೊದಲನೇ ದಿನ ಹಾಜರಾಬಿ ಹೇಳಿದ್ಲು. ಬೈಗಳ ಅಂತ ನಾವು ಬಿಟ್ವಿ. ಹಾನಗಲ್ಲಿನ ಯಲ್ಲಪ್ಪನ್ನ ಕೇಳೇನಿ. ‘ಕಲ್ಲು ಅವರ ಕೊಟ್ರು, ಬರದ ಮಾರಿ ಕೆಳಗ ಮಾಡಿ ಹಾಸು ಅಂದ್ರು. ಕಲಮು ಕೂಡಸಾಕ ತೂತು ಕೊರೀಲೇನ್ರಿ ಅಂದೆ, ಉಳಿ ಮುಟ್ಟಸಬ್ಯಾಡ ಅಂದ್ರು’ ಅಂದ. ಅಗಲ ನೋಡ್ರಿ, ಕುಣಿ ಗಂಟು ಇಲ್ಲಿಗೂ ಸರಿ. ಕಾಲ್ದೆಸಿಗೆ ನೋಡ್ರಿ. ಮಳಿಗೆ ಸುಣ್ಣ ತೊಳದು ಒಂದು ಮೊಳ ಕೆಂಪಗ ಬಿಟ್ಟೈತಿ. ಅರವತ್ತು ವರ್ಷ ಕೆಮ್ಮಣ್ಣಾಗ ಹುಗದು ನಿಂತ ಬಣ್ಣ ಒಂದು ಕೈ ಸುಣ್ಣಕ್ಕ ಹೋಗೂದಿಲ್ಲ.”

“ಸುಳ್ಳು,” ಎಂದರು ಅಕ್ಬರಸಾಬ. ದನಿ ಸಣ್ಣಗಿತ್ತು.

“ಇರಬಹುದು. ನಿಮ್ಮ ತಂದಿ ಗೋರಿ ಕಲ್ಲು ನಾ ಎತ್ತೂದಿಲ್ಲ. ಎತ್ತಂತ ಯಾವ ಕಾನೂನೂ ನನಗ ಹೇಳಿಲ್ಲ. ನೀವ ಇದರ ಮ್ಯಾಲೆ ಕೈ ಇಟ್ಟು, ಕೆಳಗ ಏನೂ ಬರದಿಲ್ಲ ಅಂತ ಒಂದು ಮಾತು ಹೇಳ್ರಿ. ನಾನು ದಾರ ಸುತ್ಕೊಂಡು ಊರಿಗೆ ಹೋಗ್ತೇನಿ.”

ಅಕ್ಬರಸಾಬರು ಮುಂದೆ ಬಂದರು. ಕೈ ಚಾಚಿದರು. ಕಲ್ಲಿಗೆ ನಾಲ್ಕು ಬೆರಳು ದೂರದಲ್ಲಿ ಕೈ ನಿಂತಿತು. ಆಮೇಲೆ ಅವರು ಮಣ್ಣಿನಲ್ಲಿ ಕೂತುಬಿಟ್ಟರು.

“ಸುತ್ತಿಗಿ ತಂದಿದ್ದೆ,” ಎಂದರು. “ಮ್ಯಾಲಿನ ಸಾಲಿನ್ಯಾಗ ಅಲ್ಲಾನ ಹೆಸರೈತಿ. ಅದರ ಕೆಳಗ ನಮ್ಮ ದಾದೀದು, ಅಜ್ಜೀದು. ಕೈ ಏಳಲಿಲ್ಲ. ಬಾವಿಗೆ ಒಗದ್ರ ಮಂದಿ ಕಾಲು ತೊಳೀತಾರ. ಅಪ್ಪನ ಎದಿ ಮ್ಯಾಲಾದ್ರ… ಮರ್ಯಾದಿಲೆ ಇರ್ತೈತಿ ಅಂತ.”

“ಒಂದು ಕಲ್ಲಿಗೆ ಇಷ್ಟು ಅಂಜಿದ್ರಿ,” ಎಂದರು ಉಳವಪ್ಪನವರು. “ಈ ಮುದುಕಿಗೆ?”

ಅಕ್ಬರಸಾಬರು ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಕೊನೆಗೆ ಅಕ್ಬರಸಾಬರೇ ನಾಲ್ವರ ಜೊತೆ ಕಲ್ಲನ್ನು ಎತ್ತಿ ತಿರುಗಿಸಿದರು. ಮೇಲಿನ ಸಾಲುಗಳು ಫಾರಸಿ, ಕೆಳಗೆ ಕನ್ನಡ. ಬೇವಿನ ಕಡ್ಡಿಯಿಂದ ಸುಣ್ಣ ಕೆರೆದು, ಒಂದೊಂದೇ ಅಕ್ಷರ ಬಿಡಿಸಿ ನಾನು ಗಟ್ಟಿಯಾಗಿ ಓದಿದೆ:

“ಈ ಹೊಲದ ಪೀಕು ಗೋಡೆಗೆ, ಸುಣ್ಣಕ್ಕೆ, ಗೋರಿ ತೋಡುವವನ ಕೂಲಿಗೆ, ದಿಕ್ಕಿಲ್ಲದವರ ಕಫನಿಗೆ. ಇದನ್ನು ಮಾರಬಾರದು, ಒತ್ತೆ ಇಡಬಾರದು.”

ಜನ ಸಂತೋಷಪಟ್ಟರು. ಹಾಜರಾಬಿ ಮಾತ್ರ ಹತ್ತಿರ ಬಂದು ಅಕ್ಷರಗಳ ಮೇಲೆ ಕೈಯಾಡಿಸಿದಳು.

“ತೋಡಾವಂಗ ಅಂತ ಐತಿ. ತೋಡಾವನ ಹೇಂತಿಗೆ?”

“ಇಲ್ಲ, ಖಾಲಾ.”

“ಗುಡಸಲಾ?”

“ಅದೂ ಇಲ್ಲ.”

“ಮತ್ತ ಇದರಾಗ ನನಗೇನೈತಿ, ಸರಿಯಾಗಿ ಓದಿ ಹೇಳು.”

ನಾನು ಮತ್ತೆ ಓದಿದೆ. ಕಫನಿನ ಮಾತಿಗೆ, ಹೆಣಕ್ಕೆ ಹೊದಿಸುವ ಬಟ್ಟೆಯ ಆ ಮಾತಿಗೆ, ಬಂದಾಗ ಕಲ್ಲಿನಿಂದ ಬೆರಳು ತೆಗೆದುಬಿಟ್ಟೆ. ಅವಳಿಗೆ ತಿಳಿಯಿತು.

“ಕಫನ್ ಐತಿ ಅಲ್ಲ?” ಎಂದಳು. ನಕ್ಕಳು. “ಸಾಕು ಬಿಡು. ಕಲ್ಲಿನ ಮ್ಯಾಲೆ ಐತಿ ಅಂದ್ರ ಪಕ್ಕಾ.”

ಹೊಡೆದ ಸಾಲನ್ನು ಸೇರಿಸಿ ಅವಳ ಜವಾಬನ್ನು ಹೊಸ ಹಾಳೆಯಲ್ಲಿ ಬರೆದುಕೊಂಡು ಹೋದೆ. ಅವಳು ಹೆಬ್ಬೆಟ್ಟು ಒತ್ತಲಿಲ್ಲ. “ಆವತ್ತೂ ಎಲ್ಲಾ ಬರದೇನಿ ಅಂದಿದ್ದಿ,” ಎಂದಳು, ಅಷ್ಟೇ.

ಧಾರವಾಡದ ಕೋರ್ಟು ಅಕ್ಬರಸಾಬರಿಗೆ ದಂಡ ಹಾಕಿತು. ಮುತವಲ್ಲಿಯ ಜಾಗದಿಂದ ತೆಗೆಯಬೇಕಾದರೆ ಬೇರೆ ದಾವೆ ಹೂಡಬೇಕು, ಅದಕ್ಕೆ ಊರಿನ ಇಬ್ಬರು ಮುಂದೆ ಬಂದು ಸಹಿ ಮಾಡಬೇಕು. ಯಾರೂ ಬರಲಿಲ್ಲ. ಕಾಗದ ಬರೆಯುವವನು ಸಹಿ ಮಾಡಿದರೆ ಮುಂದೆ ಯಾರು ಕೆಲಸ ಕೊಡುತ್ತಾರೆ ಎಂದು ಯೋಚಿಸಿ ನಾನೂ ಸುಮ್ಮನಾದೆ. ಅಕ್ಬರಸಾಬರು ಅಲ್ಲಿಂದ ಕಾನೂನಿನ ಅಕ್ಷರ ಅಕ್ಷರಕ್ಕೂ ಬದ್ಧರಾದರು. ಗೋಡೆ ಎದ್ದಿತು. ಸುಣ್ಣ ಬಿತ್ತು. ಗೋರಿ ತೋಡಲು ಹೊಸ ಆಳು ಬಂದ, ಗುಡಿಸಲಿನ ಜಾಗದಲ್ಲಿ ಅವನ ಮನೆ ಎದ್ದಿತು. ಹಾಜರಾಬಿಯ ನಾಲ್ಕು ಚೀಲ ಜೋಳ ಕಲ್ಲಿನ ಮೇಲೆ ಇರಲಿಲ್ಲ. ಹಾಗಾಗಿ ತಖ್ತೆಯಲ್ಲೂ ಬರಲಿಲ್ಲ. ಅವಳು ಸವಣೂರಿಗೆ ಹೋದಳು. ಅದು ನವಾಬರ ಸಂಸ್ಥಾನ. ನಮ್ಮ ಕಾನೂನು ಅಲ್ಲಿಗೆ ತಲುಪುವುದಿಲ್ಲ. ಇಲ್ಲಿಯೂ ಅವಳಿಗೆ ತಲುಪಿರಲಿಲ್ಲ.

೧೯೪೦ರ ತಖ್ತೆಯ ನಕಲು ಮಾಡಲು ಅಕ್ಬರಸಾಬರು ನನ್ನ ಹತ್ತಿರವೇ ಬಂದರು. ಗೋಡೆಯ ಖರ್ಚು ಬರೆದೆ, ಸುಣ್ಣದ್ದು ಬರೆದೆ, ತೋಡುವವನ ಕೂಲಿ ಬರೆದೆ. ಕೊನೆಯದು ಹೀಗಿತ್ತು:

ದಿಕ್ಕಿಲ್ಲದವರ ಕಫನ್: ಒಂದು. ಹೆಸರು: ಹಾಜರಾಬಿ ಕೋಂ ಮೌಲಾಸಾಬ.

ಅವಳನ್ನು ಸವಣೂರಿನಿಂದ ತಂದವನು ನಾನೇ. ಬೇವಿನ ಬುಡದ ಜಾಗ ಇನ್ನೂ ಖಾಲಿ ಇತ್ತು. ಗಾಡಿಬಾಡಿಗೆ ತಖ್ತೆಯಲ್ಲಿ ಇಲ್ಲ. ಅದು ಕಲ್ಲಿನ ಮೇಲೆ ಬರೆದಿಲ್ಲ.

ಬರೆದು ಮುಗಿಸಿ ಎರಡು ಸಲ ಓದಿದೆ. ಏನನ್ನೂ ಹೊಡೆಯಲಿಲ್ಲ.